ಕಂಡದ್ದು, ಕೇಳಿದ್ದು

ಕೋಡಿಬಾಗದ ಕ್ಷೌರದಂಗಡಿಯಲ್ಲಿ
ಕೊರಳಿಗೆ ಬಿಳಿಬಟ್ಟೆ ಬಿಗಿಯುತ್ತ ಉಲ್ಲಾಸ ಮಹಾಲೆ ಕೇಳುತ್ತಾನೆ:
ಅಲ್ಲಿ ಎಷ್ಟು ಜನರನ್ನ ಹೊಡೆದ್ರಿ ಮೇಜರ್ ಸಾಹೇಬ್ರೆ?
ಬಂದೂಕು ಇರಲಿಲ್ಲ ಎನ್ನುತ್ತೇನೆ.
ಕತ್ತರಿ ನಿಲ್ಲುತ್ತದೆ.
ಬಂದೂಕಿಲ್ಲದ ಮಿಲಿಟರಿ ಎಂತದು ಮಾರಾಯ್ರೆ,
ಬಲೆ ಮರೆತು ದೋಣಿ ಹೊರಟ ಹಾಗೆ?

ಹೌದು, ಹಾಗೇ.
ಒಂದು ನೀಲಿ ಟೊಪ್ಪಿ, ಒಂದು ದುರ್ಬೀನು,
ಬಿಳಿ ಜೀಪು, ಅದರ ಮೈಮೇಲೆ ಆಳೆತ್ತರದ ಎರಡು ಅಕ್ಷರ.
ಉರುಗ್ವೆಯವನೊಬ್ಬ, ನೇಪಾಳದ ಘರ್ತಿ, ಅಂಕೋಲೆಯ ನಾನು,
ಬೆಳಿಗ್ಗೆ ನದಿಯ ಈಚೆ ದಡ, ಸಂಜೆ ಆಚೆ ದಡ.
ನೋಡುವುದು. ಎಣಿಸುವುದು. ಬರೆಯುವುದು.
ಫಾರಮ್ಮಿನಲ್ಲಿ ಎರಡೇ ಕಾಲಮ್ಮು:
ಸ್ವತಃ ಕಂಡದ್ದು,
ಇತರರಿಂದ ಕೇಳಿದ್ದು.

ಮೊದಲ ತಿಂಗಳು ಸುಲಭ.
ನದಿ ನಮ್ಮ ಕಾಳಿಯ ಹಾಗೇ, ಸಮುದ್ರ ಸಿಗದೆ ಹೋದ ಕಾಳಿ.
ಹೆಂಗಸರು ಮೊಣಕಾಲು ನೀರಲ್ಲಿ ಬಗ್ಗಿ ಏನನ್ನೋ ಹೆಕ್ಕುತ್ತಿದ್ದರು,
ಇಳಿತದ ಹೊತ್ತಿಗೆ ನಮ್ಮವರು ಬಳಚು ಹೆಕ್ಕುವಂತೆ,
ಸೊಂಟಕ್ಕೆ ಬುಟ್ಟಿ ಕಟ್ಟಿ.
ಬರೆದೆ: ಹೆಂಗಸರು ಹನ್ನೊಂದು. ದೋಣಿ ಎರಡು. ಆಯುಧವಿಲ್ಲ.
ಒಬ್ಬರನ್ನೊಬ್ಬರು ಬೈದುಕೊಂಡು ನಗುತ್ತಿದ್ದರು,
ಅದನ್ನು ಬರೆಯಲಿಲ್ಲ.

ಮಳೆ ನಿಂತ ಮೇಲೊಂದು ಮಂಗಳವಾರ
ಗುಡಿಸಲು ನಲವತ್ತಮೂರು, ನಿಂತದ್ದು ಆರು.
ಘರ್ತಿ ಬೂದಿಯ ಮೇಲೆ ಅಂಗೈ ಹಿಡಿದು ನೋಡಿದ, ಇನ್ನೂ ಬಿಸಿ.
ನಾನು ಪೆನ್ನಿನ ಮುಚ್ಚಳ ತೆಗೆದೆ.
ಒಬ್ಬಳು ಬಂದಳು. ಅಳಲಿಲ್ಲ.
ಒಳಗಿನಿಂದ (ಒಳಗೆಂಬುದು ಉಳಿದಿರಲಿಲ್ಲ)
ಕಾಲು ಸುಟ್ಟ ಮಣೆಯೊಂದನ್ನು ತಂದು ನನ್ನ ಮುಂದಿಟ್ಟಳು,
ಬರೆಯುವವನು ಕೂತು ಬರೆಯಬೇಕಲ್ಲ.
ದುಭಾಷಿ ಹುಡುಗನ ಬಾಯಲ್ಲಿ ಒಂದೊಂದೇ ಹೆಸರು.
ಕಾಗುಣಿತವನ್ನು ಎರಡೆರಡು ಸಲ ಕೇಳಿದೆ.

ಯಾವ ಕಾಲಮ್ಮು?
ಅವರು ಸತ್ತದ್ದನ್ನು ನಾನು ಕಂಡಿಲ್ಲ.
ಬದುಕಿದ್ದನ್ನು ಕಂಡಿದ್ದೆನೇ, ಆ ಹನ್ನೊಂದರಲ್ಲಿ?
ಕೇಳಿದ್ದು, ಎಂದು ಬರೆದೆ.
ನಿಯಮ ಹಾಗೆ.

ಹೊರಡುವಾಗ ಅವಳೇನೋ ಅಂದಳು. ಹುಡುಗ ಬಾಯಿಬಿಡಲಿಲ್ಲ.
ಜೀಪಿನಲ್ಲಿ ನಾಲ್ಕು ಮೈಲಿ ಕಳೆದ ಮೇಲೆ ಹೇಳಿದ:
ನಾಳೆ ಅವರು ಮತ್ತೆ ಬಂದರೆ
ಈ ಪುಸ್ತಕ ತೋರಿಸಿದರೆ ನಿಲ್ಲುತ್ತಾರಾ, ಅಂತ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಿದ್ದಳು ಅವ್ವ,
ಮೀನುಪೇಟೆಯಲ್ಲಿ ಬಂಗಡೆಯ ಕಿವಿರೆತ್ತುತ್ತ.
ಪ್ರಮಾಣಿಸಿದೆ ಅವ್ವಾ.
ಮೂರು ಪ್ರತಿ, ಮೇಲೊಂದು ಮೊಹರು.

ಹೋದ ವಾರ ಬೈತಖೋಲದಲ್ಲಿ ಗಲಾಟೆ.
ರಾತ್ರಿ ಲೈಟು ಹಾಕಿ ಹಿಡಿಯುವ ದೊಡ್ಡ ಬೋಟು
ಪಾತಿ ದೋಣಿಯವರ ಬಲೆಯ ಮೇಲೆ ಹಾದುಹೋಗಿತ್ತು.
ಹುಟ್ಟು ಹಿಡಿದವರು ಈ ಕಡೆ, ಕಬ್ಬಿಣದ ಸಳಿ ಆ ಕಡೆ.
ಸಾಹೇಬ್ರೆ, ನಡುವೆ ನಿಲ್ಲಿ, ನಿಮಗೆ ರೂಢಿ ಇದೆ ಅಂದರು.
ಹೋದೆ. ಕೈ ತಾನೇ ಕಿಸೆಯಿಂದ ನೋಟುಬುಕ್ಕು ತೆಗೆಯಿತು.
ಶೆವಂತಾ ಖಾರ್ವಿ ಮೀನಿನ ಕ್ರೇಟೊಂದನ್ನು ಬೋರಲು ಹಾಕಿ
ಕೂತ್ಕಂಡು ಬರೀರಿ, ಅಂದಳು.

ಕೂರಲು ಸ್ವಲ್ಪ ಹೊತ್ತು ಹಿಡಿಯಿತು.

ಬರೆದೆ: ಬಲೆ ಹರಿದದ್ದು ಆರು ಮಾರು.
ಎಂಟು! ಎಂದಿತು ಈ ಕಡೆ.
ಐದೂವರೆ! ಎಂದಿತು ಆ ಕಡೆ.
ತಾಂಡೇಲ ಬಗ್ಗಿ ನೋಡಿ, ನನ್ನ ಹೆಸರಿಗೆ ಳ ಹಾಕಿದ್ರಲ್ಲ, ಅಂದ.
ಸಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇನ್ನೊಬ್ಬ
ತನ್ನ ಅಪ್ಪನ ಹೆಸರನ್ನೂ ಬರೆಸಿದ.
ಎಲ್ಲರೂ ಸೇರಿ ಮಾರು ಹಾಕಿ ಅಳೆಯತೊಡಗಿದರು.
ಹೊತ್ತೇರಿತು. ಐಸು ಕರಗಿತು.
ಯಾರೋ ಚಾ ತರಿಸಿದರು.

ನಿಲ್ಲುತ್ತಾರಾ ಅಂತ ಕೇಳಿದ್ದೆಯಲ್ಲ.
ಇಲ್ಲಿ ನಿಂತರು ತಾಯಿ,
ಒಂದು ಬಲೆಗೆ.

ಇದನ್ನು ನಿನಗೆ ತಲುಪಿಸಲು ನನಗೆ ವಿಳಾಸವಿಲ್ಲ,
ಇದ್ದರೂ
ತಲುಪಿಸುವ ಮುಖವಿಲ್ಲ.

ಉಲ್ಲಾಸ ಬಟ್ಟೆ ಕೊಡವುತ್ತಾನೆ.
ತಲೆಯ ಹಿಂದೆ ಚಿಕ್ಕ ಕನ್ನಡಿ ಹಿಡಿದು, ಕಂಡ್ತಾ ಸಾಹೇಬ್ರೆ,
ಸಮಾ ಆಯ್ತಾ? ಎನ್ನುತ್ತಾನೆ.
ಕನ್ನಡಿಯೊಳಗಿನ ಕನ್ನಡಿಯಲ್ಲಿ ಯಾರದೋ ಕುತ್ತಿಗೆ,
ಆಚೆ ಬಾಗಿಲಾಚೆ ಕಾಳಿಯ ನೀರು,
ಬಗ್ಗಿದ ಹೆಂಗಸರು.
ಎಣಿಸಬಾರದು ಅಂದುಕೊಳ್ಳುವಷ್ಟರಲ್ಲಿ
ಒಂಬತ್ತು.