ಟೋಪಿ ಹಂತ

ಎಂಬತ್ತೆರಡು ಶೀಟು ಕೇಳಿದಾಗ ಮೊಯ್ದು ಕಾಕ
ಕನ್ನಡಕ ಹಣೆಗೇರಿಸಿದರು:
ಜೀಪಿನ ಸೀಟು ಹೊಲಿಯುವವನಿಗೆ
ಚಪ್ಪಲಿಯ ಫೋಮು ಯಾಕಪ್ಪಾ?
ಹಡಗಿಗೆ, ಎಂದೆ.
ಹಾರಂಗಿಗೆ ಬಿಡುವುದಾ?
ಅಲ್ಲ, ಮೇಲಕ್ಕೆ.
ಮತ್ತೇನೂ ಕೇಳದೆ ಬಿಲ್ಲು ಬರೆದರು:
‘ಸೋಲು, ೮೨.’

ಹದಿಮೂರು ಅಡಿ ಉದ್ದ. ಗ್ಯಾರೇಜಿನ ಹಿಂದಿನ ಶೆಡ್ಡು
ಹದಿಮೂರೂವರೆ. ಮೂತಿಯ ಕೆಲಸಕ್ಕೆ
ಗೋಡೆಗೆ ಬೆನ್ನುಜ್ಜಿಕೊಂಡು ಅಡ್ಡಡ್ಡ ನಡೆಯಬೇಕು,
ಗದ್ದೆಯ ಏಡಿಯ ಹಾಗೆ.

ಅಂಟಿನ ಡಬ್ಬಿಯ ಮೇಲಿದೆ:
ಎರಡೂ ಕಡೆ ಬಳಿದು ಹತ್ತು ನಿಮಿಷ ಕಾಯಿರಿ.
ಬರೆದವನು ಸುಂಟಿಕೊಪ್ಪಕ್ಕೆ ಬಂದವನಲ್ಲ.
ಇಲ್ಲಿ ಮಂಜು ಬಾಗಿಲ ಸಂದಿನಿಂದ ನುಗ್ಗಿ
ಅಂಟಿನ ಮೇಲೆ ಮೊದಲು ತಾನು ಕೂರುತ್ತದೆ.
ನಲವತ್ತು ನಿಮಿಷ ಕಾದೆ. ಆದರೂ ಒಂದು ಬೆಳಿಗ್ಗೆ
ಎಡರೆಕ್ಕೆ ನೆಲದಲ್ಲಿ ಅಂಗಾತ,
ಮೇಲೆ ಗ್ಯಾರೇಜಿನ ಬೆಕ್ಕು.
ಹಾಸಿಗೆ ಯಾರು ಹಾಸಿದರೆಂದು ಕೇಳುವ ಜಾತಿಯಲ್ಲ ಅದು.

ಬಾಗಿಸಲು ಬಿಸಿ ಬೇಕು.
ತಂಗಿಯ ಪಾರ್ಲರಿನ ಡ್ರೈಯರು ಹಿಡಿದರೆ
ಫೋಮು ಮೊದಲು ಮಿರುಗುತ್ತದೆ, ಆಮೇಲೆ
ಸೋಲುತ್ತದೆ.
ಆ ಗಳಿಗೆಯಲ್ಲೇ ಮೊಣಕಾಲ ಮೇಲೆ ಒತ್ತಿ
ತಣಿಯುವವರೆಗೆ ಉಸಿರು ಹಿಡಿದಿರಬೇಕು.
ಹಾಗಾಗಿ ಈ ಹಡಗಿನ ಹೊಟ್ಟೆಯ ತಿರುವುಗಳೆಲ್ಲ
ಯಾವ ನಕ್ಷೆಯವೂ ಅಲ್ಲ,
ನನ್ನ ಬಲ ಮೊಣಕಾಲಿನವು.

ಕಾದ ಕಡ್ಡಿಯಲ್ಲಿ ತಗಡಿನ ಗೆರೆ ಕೊರೆದೆ.
ಕುಕ್ಕರಿನ ಹಳೆಯ ಗ್ಯಾಸ್ಕೆಟ್ಟು ಇಂಜಿನ್ನಿಗೆ,
ಹಿಂದುಗಡೆ ಕೆಎ ಹನ್ನೆರಡರ ನಂಬರು.
ಬೆಳ್ಳಿಬಣ್ಣ ಒಣಗಿದ ಮೇಲೆ ನೋಡಿದರೆ
ಮದುವೆ ಮನೆಯ ಹರಿವಾಣ! ತಡೆಯಲಾಗಲಿಲ್ಲ.
ಕರಿಯ ಬಣ್ಣ, ಕಾವಿ, ಹರಿದ ಸ್ಪಂಜು.
ಬಾಗಿಲ ಕೆಳಗೆ, ಹಿಡಿಕೆಯ ಸುತ್ತ, ಚಕ್ರದ ಮೇಲ್ಗಡೆ
ಎಲ್ಲೆಲ್ಲಿ ಕೆಸರು ಕೂರುತ್ತದೆಂದು
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ಆಕಾಶದಲ್ಲಿ ಕೆಸರಿಲ್ಲವಂತೆ.
ಹೊರಟ ಊರಿನಲ್ಲಿ ಇತ್ತಲ್ಲ.

ಇಷ್ಟು ದೊಡ್ಡದರಲ್ಲಿ ಕೂರುವವರು ಯಾರು?
ಕೇಳಿದವರು ಸಿಸಿಲಿಯಮ್ಮ,
ಮಗನ ಆಟೋದ ಸೀಟು ಹರಿದ ದಿನ;
ನರ್ಸರಿಯಲ್ಲಿ ಇಪ್ಪತ್ತು ವರ್ಷ ಕಾಫಿ ಬೀಜ ಎಬ್ಬಿಸಿದವರು.
ಕೂರುವುದಿಲ್ಲ, ಮಲಗುತ್ತಾರೆ, ಎಂದೆ,
ದಾರಿ ಮುನ್ನೂರು ವರ್ಷದ್ದು.
ಲೆಕ್ಕ ಹಾಕಿದರೆ ಒಬ್ಬೊಬ್ಬರೂ
ಕಿರುಬೆರಳ ಉಗುರಿನಷ್ಟು.
ಮರುದಿನ ಪೇಪರಿನ ಪೊಟ್ಟಣದಲ್ಲಿ ತಂದುಕೊಟ್ಟರು:
ಬಿತ್ತಿ ಮಿಕ್ಕಿದ ಬೀಜ, ಸಿಪ್ಪೆ ಸಮೇತ,
ಬೆನ್ನು ಉಬ್ಬು, ಹೊಟ್ಟೆಗೊಂದು ಗೀಟು,
ಮಗ್ಗುಲಾಗಿ ಮಲಗಿದವರ ಥರವೇ.
ಇನ್ನೂರ ಹನ್ನೆರಡು ಗುಳಿ ಕೊರೆದು ಮಲಗಿಸಿದೆ.
ಜೋಡಿ ಇಲ್ಲದ ಗುಂಡುಬೀಜ ಒಂದಿತ್ತು,
ಅದನ್ನು ಚಾಲಕನ ಬಳಿ.
ಚಾಲಕ ಇರಲಿಲ್ಲ. ಅಂದರೆ ಅದೇ ಚಾಲಕ.

ಏಪ್ರಿಲ್ಲಿನಲ್ಲಿ ಹೂಮಳೆ ಬಿತ್ತು.
ತೋಟದವರೆಲ್ಲ ಬಿಳಿಹೂವಿನ ಮಾತಾಡುತ್ತಿದ್ದರು,
ನಾನು ಶೀಟಿನ ತೂತಿನ ಕೆಳಗೆ ಬಕೆಟ್ಟು ಇಡುತ್ತಿದ್ದೆ.
ಒಂದು ತೂತು ಲೆಕ್ಕ ತಪ್ಪಿತ್ತು.

ಮೇ ಕೊನೆಗೆ ಮುಚ್ಚಳ ತೆಗೆದು ಟಾರ್ಚು ಬಿಟ್ಟರೆ
ಗರಗಸದ ಪುಡಿ, ಫೋಮಿನ ಚೂರು, ಬೆಕ್ಕಿನ ಕೂದಲು
ಎಲ್ಲ ಒದ್ದೆಯಾಗಿ ಮಣ್ಣಿನ ವೇಷ ಹಾಕಿದ್ದವು.
ಇನ್ನೂರ ಹನ್ನೊಂದು ಮಂದಿ ಬೂಸಲು.
ಒಬ್ಬ ಎದ್ದು ನಿಂತಿದ್ದ.

ಬಿಳಿ ಕುತ್ತಿಗೆ, ತಲೆಯ ಮೇಲೆ
ತನ್ನದೇ ಸಿಪ್ಪೆಯ ಹೆಲ್ಮೆಟ್ಟು.

ಸಿಸಿಲಿಯಮ್ಮ ಬಗ್ಗಿ ನೋಡಿ ನಕ್ಕರು:
ಇದಕ್ಕೆ ಟೋಪಿ ಹಂತ ಅಂತೀವಿ.
ಹಿಡಿದು ಕೀಳಬಾರದು, ತಾನಾಗೇ ಬೀಳಬೇಕು.
ತೊಟ್ಟೆಗೆ ಮಣ್ಣು ತುಂಬಿಸಿ ಕೊಡು, ನಾಳೆ ಒಯ್ತೇನೆ.

ಕೊಡಲಿಲ್ಲ. ಇಂಜಿನ್ ರೂಮಿಗೆ
ಒಂದು ಚಮಚ ಗೊಬ್ಬರ ಹಾಕಿದೆ.
ಬೆಳಗ್ಗೆ ಬಂದ ಜೀಪಿನ ಮಾದಯ್ಯ ಹಾರ್ನು ಹೊಡೆಯುತ್ತಲೇ ಇದ್ದಾರೆ,
ಸೀಟು ಆಯಿತೇ, ಸೀಟು ಆಯಿತೇ.
ಬಂದೆ, ಎನ್ನುತ್ತೇನೆ, ಮತ್ತೆ
ಕತ್ತಿಯ ಮೊನೆ ಹಡಗಿನ ಬೆನ್ನಿಗಿಟ್ಟು ಅಳೆಯುತ್ತೇನೆ,
ಕಿಟಕಿ ಎಲ್ಲಿ ಕೊರೆದರೆ
ಅವನು ಟೋಪಿ ತೆಗೆದಾಗ ಬೆಳಕು
ನೇರ ಮುಖಕ್ಕೆ ಬೀಳುತ್ತದೆ ಎಂದು.