ಮಳಖೇಡ ದಾಟಿದ ಮ್ಯಾಲ ಬರೋ ಗ್ವಾಡಿ

ಹದಿನಾಲ್ಕು ವರ್ಷ ಕಲಬುರಗಿ–ಸೇಡಂ ಬಸ್ಸು ಹೊಡದೀನಿ,
ಕಾಗಿಣಾ ಸೇತುವಿ ಆದ ಮ್ಯಾಲ ಎಡಕ್ಕ ಬರೋ ಆ ಗ್ವಾಡಿ
ಒಮ್ಮೆನೂ ಓದಿದ್ದಿಲ್ಲ.
ಹ್ವಾದ ದೀಪಾವಳಿ ಆದಾಗಿಂದ ಒಂದಕ್ಷರ ಬಿಡಲಾರದೆ ಓದ್ಲಾಕತ್ತೆ:
ಗಂಡಸರ ಗುಪ್ತ ತೊಂದ್ರಿ. ಪ್ರತಿ ಮಂಗಳವಾರ.
ಲಾಡ್ಜು, ರೂಮ್ ನಂಬರ್ ಹನ್ನೊಂದು.
ಗುಣ ಆಗದಿದ್ರ ರೊಕ್ಕ ವಾಪಸ್.
ಕೆಳಗ ನೀಲಿ ಬಣ್ಣದ ಫೋನ್ ನಂಬರು,
ಕಡೀ ಎರಡು ಅಂಕಿ ಮ್ಯಾಲ ಯಾರೋ ಕುಳ್ಳು ಬಡದಾರ.

ಹನ್ನೆರಡು ಟ್ರಿಪ್ ಕಾಯ್ದೆ.
ಕುಳ್ಳು ಒಣಗಿ ಬಿದ್ದ ದಿನ ಗೇರು ಇಳಿಸಿ
ಆ ಎರಡಂಕಿ ಬಾಯಾಗ ಹಿಡಕೊಂಡು ಸೇಡಂ ಮುಟ್ಟಿದೆ.

ರೂಮ್ ಹನ್ನೊಂದರಾಗ ಬಿಳಿ ಕೋಟಿನವ
ನನ್ನ ಮಾರಿ ನೋಡಲಿಲ್ಲ, ಕೈ ನೋಡಿದ.
"ಸಣ್ಣಾವಿದ್ದಾಗ ತಪ್ಪು ಮಾಡಿದ್ದಿ, ಹೌದಿಲ್ಲ?"
ಅಕ್ಕಸಾಲಿಗನ ತಕ್ಕಡ್ಯಾಗ ಪುಡಿ ತೂಗಿ
ನಾಲ್ಕು ಸಾವಿರದ ಇನ್ನೂರು ಎಣಿಸಿಕೊಂಡ.
ಎಂಟು ದಿನ ಹೊಟ್ಟಿ ಉರೀತು, ಮತ್ತೇನೂ ಆಗಲಿಲ್ಲ.
ವಾಪಸ್ ಕೇಳಾಕ ಹ್ವಾದರ
ಅಲ್ಲಿ ಯಾವನೋ ಸೀರಿ ಗಂಟು ಬಿಚ್ಚಿ ಕುಂತಿದ್ದ.

ನೈಟ್ ಹಾಲ್ಟ್ ಡ್ಯೂಟಿ ಬೇಡಿ ತಗೊಂಡೆ.
ಬಸ್ಸಿನ ಕಡೀ ಸೀಟಿನ್ಯಾಗ ಮಲಗಿದ್ರ
ಮಗ್ಗಲದಾಗ ಯಾರೂ ಎಚ್ಚರ ಇರಂಗಿಲ್ಲ.

ಡಿಪೋದಾಗ ವರ್ಷದ ತಪಾಸಣಿ ಬಂತು.
ಉಂಡ ಮ್ಯಾಲಿನ ಸಕ್ರಿ ಇನ್ನೂರಾ ಅರವತ್ತೆಂಟು.
ಡಾಕ್ಟರ್ ತಬಸ್ಸುಮ್ ಎದ್ದು ಬಾಗಿಲಾ ಹಾಕಿ
ಕೆಮ್ಮಿನ ಬಗ್ಗಿ ಕೇಳಿದಂಗ ಕೇಳಿದ್ರು:
"ಮುಂಜಾನಿ ಏಳುವಾಗ ಬರ್ತದೇನು?"
"ಇಲ್ರಿ."
"ಎಷ್ಟು ದಿನ ಆಯ್ತು?"
ಹೇಳಿದೆ. ಫ್ಯಾನ್ ತಿರುಗ್ತಿತ್ತು, ಛತ್ತು ಬೀಳಲಿಲ್ಲ.

ಚೀಟಿ ಹಿಂದ ಪೆನ್ನಿಲೆ ಎರಡು ನಳ ತೆಗೆದ್ರು.
"ಎದಿಗಿ ಹೋಗೋದು ದಪ್ಪ, ಇದು ಸಣ್ಣದು.
ಕಸ ಕುಂತರ ಮೊದಲ ಸಣ್ಣದಕ್ಕ ಗೊತ್ತಾಗ್ತದ.
ಇದು ಕೆಟ್ಟಿಲ್ಲ ಭಾಯ್, ಹಾರ್ನ್ ಹೊಡೀಲಾಕತ್ತದ.
ಮೊದಲ ಎದಿ ನೋಡೋಣು."
ಗುಟ್ಕಾ ಬಿಡು ಅಂದ್ರು, ನಡಿ ಅಂದ್ರು,
ಸಕ್ರಿ ಗುಳಗಿ ತಪ್ಪಸಬ್ಯಾಡ ಅಂದ್ರು.
ಇ.ಸಿ.ಜಿ. ಛಲೋ ಬಂದ ಮ್ಯಾಲ ಆ ಇನ್ನೊಂದು ಗುಳಗಿ ಬರದು
ಕೆಳಗ ಎರಡು ಗೆರಿ ಎಳದ್ರು:
ನಾಲಗಿ ಕೆಳಗ ಇಡೋ ಎದಿ ಗುಳಗಿ ಯಾರರ ಕೊಟ್ರ
ಇದನ್ನ ಮುಟ್ಟಬ್ಯಾಡ.
"ಮನ್ಯಾಗ ಹೇಳೀರೇನು?"

ಮೇ ತಿಂಗಳು, ಕರೆಂಟ್ ಹೋಗಿತ್ತು.
ಮಾಳಿಗಿ ಪರ್ಸಿಗಿ ನೀರು ಗೊಜ್ಜಿ ಹಾಸಿಗಿ ಹಾಸಿದ್ದಿವಿ.
ಚಿಕ್ಕಿ ನೋಡಕೋತ ಹೇಳಿದೆ.
ಜಗದೇವಿ ಎದ್ದು ಕುಂತಳು.
"ಇಷ್ಟಾ?"
ನಕ್ಕಳು, ಆಮ್ಯಾಲ ಸೆರಗು ಬಾಯಿಗಿ ಒತ್ತಿಕೊಂಡಳು.
"ಆರು ತಿಂಗಳು ನಿನ್ನ ಅಂಗಿ ಮೂಸಿ ಮೂಸಿ ಒಗದೀನಿ.
ಡೀಸೆಲ್ ಬಿಟ್ಟು ಯಾವಕಿ ವಾಸನೀನೂ ಬರಲಿಲ್ಲ.
ನಾನೇ ಮುದುಕಿ ಆದೆ ಅಂತ
ಕನ್ನಡಿ ಗ್ವಾಡಿಕಡಿ ತಿರುವಿ ಇಟ್ಟಿದ್ದೆ."
ನನಗ ಆ ಕನ್ನಡಿ ಕಂಡೇ ಇರಲಿಲ್ಲ.
ಬೆಳಗಾಗೂಕ ಕೇಳಿದಳು, "ಪುಡಿಗಿ ಎಷ್ಟ್ ಕೊಟ್ಟಿ?"
ಎರಡು ಸಾವಿರ ಅಂತ ಸುಳ್ಳು ಹೇಳಿದೆ.

ಈಗ ನಸಿಕಿನ್ಯಾಗ ಅಪ್ಪನ ಕೆರಿ ಸುತ್ತ ನಡೀತೀವಿ,
ಅಕಿ ಮುಂದ, ನಾ ಹಿಂದ.
ಕೆಲವು ರಾತ್ರಿ ಆಗ್ತದ, ಕೆಲವು ರಾತ್ರಿ ಇಲ್ಲ.
ಇಲ್ಲದಾಗ ತನ್ನ ತಣ್ಣನ ಅಂಗಾಲು
ನನ್ನ ಪಾದದ ಮ್ಯಾಲ ಇಟ್ಟು ನಿದ್ದಿ ಹೋಗ್ತಾಳ.
ನೈಟ್ ಹಾಲ್ಟ್ ಬ್ಯಾರೇದವಗ ಕೊಟ್ಟೀನಿ.

ಮೊನ್ನೆ ಗ್ವಾಡಿ ಹತ್ರ ಗಾಡಿ ಹಗುರಾಯ್ತು.
ಆ ಎರಡಂಕಿ ಮ್ಯಾಲ ಮತ್ತ ಹಸಿ ಕುಳ್ಳು.
ನಮ್ಮ ಹೊಸ ಕಂಡಕ್ಟರ್, ಮದುವಿಯಾಗಿ ಆರು ತಿಂಗಳು,
ಟಿಕೀಟು ಹರಿಯೋದು ಬಿಟ್ಟು ಕಿಟಕಿಗಿ ಮೂಗು ಹಚ್ಚಿದ್ದ.

ಸೇಡಂ ಸ್ಟ್ಯಾಂಡಿನ್ಯಾಗ ಅಂವನ ಚಾಕ್ಕ ಕರಕೊಂಡು ಹೋದೆ.
ಒಂದು ಸಕ್ರೀದು, ಒಂದು ಸಕ್ರಿ ಇಲ್ಲದ್ದು.
ಹ್ಯಾಂಗ ಸುರು ಮಾಡ್ಲಿ ತಿಳೀಲಿಲ್ಲ.
"ನಂದು ಇನ್ನೂರಾ ಅರವತ್ತೆಂಟಿತ್ತು ನೋಡಪಾ," ಅಂದೆ.