ಎರಡು ಬೆರಳು ಮುಂದಕ್ಕೆ

ಹನ್ನೊಂದು ತಿಂಗಳು ಕಾದ ಮೇಲೆ ಬಂತು,
ಮಂಗಳವಾರ, ಲಿಫ್ಟು ಕೆಟ್ಟ ದಿನವೇ.
ದುಶಾನ್ ಅದನ್ನು ಮೂರು ಮಹಡಿ
ಹೆಗಲ ಮೇಲೆ ಹೊತ್ತು ತಂದ, ಏದುಸಿರಿಲ್ಲ.
"ನೋಡು ನೇವಿಯಾ, ನಿನ್ನ ಬೆಕ್ಕಿಗಿಂತ ತುಸು ಭಾರ" ಎಂದ.
ನನ್ನ ಬೆಕ್ಕನ್ನು ಅವನು ಎತ್ತಿ ನೋಡಿಲ್ಲ.

ರಟ್ಟು ಬಿಚ್ಚಿದ. ಪ್ಲಾಸ್ಟಿಕ್ಕು ಸುಲಿದ.
ಗಾಲಿ ಬೇರೆ, ಮೈ ಬೇರೆ,
ಗುಂಡಿ ಒತ್ತಿದರೆ ಟಕ್ಕೆಂದು ಕೂಡುವ ಕೀಲು.
ಅಡುಗೆಮನೆಯ ನೆಲದ ಮೇಲೆ ಆರು ಮೂಲೆಯ ಕೀಲಿಗಳು
ಗಿಡ್ಡದಿಂದ ಉದ್ದಕ್ಕೆ
ಶಾಲೆಯ ಫೋಟೋಗೆ ನಿಂತ ಹಾಗೆ.

ಪಕ್ಕದಲ್ಲಿ ಹಳೆಯದು, ಹದಿನಾಲ್ಕು ವರ್ಷದ್ದು.
ಎಡ ಬ್ರೇಕಿಗೆ ಕಪ್ಪು ಟೇಪು.
ಬೆನ್ನಿನ ಬಟ್ಟೆ ಜೋತು ಜೋತು ನನ್ನದೇ ಗುಳಿ ಬಿದ್ದಿದೆ,
ಯಾರೋ ಕೂತಿದ್ದು ಎದ್ದು ಹೋದಂತೆ.
ಎದ್ದು ಹೋದವಳು ನಾನಂತೂ ಅಲ್ಲ.

ಹೋದ ಶರತ್ಕಾಲದಲ್ಲಿ ಕಚೇರಿಯ ಹೆಂಗಸು
ಬರೆದುಕೊಂಡ ಸೊಂಟ ಮೂವತ್ತೆಂಟು;
ಕ್ರಿಸ್‌ಮಸ್ ಕಳೆದ ಮೇಲೆ ಎಷ್ಟೋ.
"ಕೋಟು ತೆಗೆದು ಕೂರು" ಎಂದ. ಕೂತೆ. ಹಿಡಿಯಿತು.
ಕಾಲಿಡುವ ಪಟ್ಟಿ ತಗ್ಗು; ಪಾದ ತೂಗಾಡಿತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ,
ಇವನು ಕಾಲಿದ್ದಷ್ಟಕ್ಕೆ ಹಾಸಿಗೆಯನ್ನೇ ಎತ್ತಿದ,
ಒಂದು ತೂತು, ಇನ್ನೊಂದು ತೂತು,
ತೊಡೆ ಸೀಟಿಗೆ ಒರಗಿ ನಿಟ್ಟುಸಿರು ಬಿಡುವ ತನಕ.
(ನಿಟ್ಟುಸಿರು ನಾನೇ ಊಹಿಸಿದ್ದು. ತೊಡೆಗೆ ಏನೂ ಗೊತ್ತಾಗುವುದಿಲ್ಲ.)

ಆಮೇಲೆ ಅಚ್ಚು.
"ಕಾರ್ಖಾನೆಯವರು ಹಿಂದಕ್ಕಿಟ್ಟು ಕಳಿಸುತ್ತಾರೆ, ಬೀಳಬಾರದು ಅಂತ.
ಬೀಳದ ಕುರ್ಚಿ ಓಡುವುದೂ ಇಲ್ಲ.
ಎಷ್ಟು ಮುಂದಕ್ಕೆ ತರಲಿ?"
ಎರಡು ಬೆರಳು, ಅಂದೆ.
ಯಾರ ಬೆರಳೆಂದು ಹೇಳಲಿಲ್ಲ.
ಅವನವು ಬಂದರಿನ ಬೆರಳು, ಹಗ್ಗದಷ್ಟು ದಪ್ಪ.
ಮೊದಲ ದೂಡಿಗೇ ಛಾವಣಿ ಕಂಡೆ,
ಮೇಜಿನ ಅಡಿಗೆ ಅಂಟಿಸಿದ್ದ ಚೂಯಿಂಗ್ ಗಮ್ಮು ಕಂಡೆ.
ತಮ್ಮನ ಮಗ ತುಲ್ಲಿಯೋ, ನೀನೇ ಕಣೋ.
ದುಶಾನ್ ಹಿಡಿದುಕೊಂಡ. ಇಬ್ಬರೂ ನಕ್ಕೆವು,
ಅವನು ಸ್ವಲ್ಪ ತಡವಾಗಿ.
ಅರ್ಧ ಬೆರಳು ಹಿಂದಕ್ಕೆ ಸರಿಸಿದ.
ಈಗ ಅಂಗೈ ತಾಗಿಸಿದರೆ ಸಾಕು,
ಬಾಗಿಲವರೆಗೆ ತಾನೇ ಹೋಗಿ ನಿಲ್ಲುತ್ತದೆ.
ಹೆಗಲು ಬೆಪ್ಪಾಗಿ ಕೇಳಿತು:
ಹಾಗಾದರೆ ಇಷ್ಟು ವರ್ಷ ನಾನು ದೂಡಿದ್ದು ಏನನ್ನು?

ಎಲ್ಲ ಸರಿ, ವಾಸನೆಯೊಂದು ಬಿಟ್ಟು.
ಹೊಸ ಟೈರಿನ ಕರಿ ವಾಸನೆ.
ನನ್ನ ಅನ್ನ ನನ್ನ ಮೂಗಿನದು:
ಹಡಗಿನಿಂದಿಳಿದ ಕಾಫಿ ಹುರಿದು, ಕುದಿನೀರು ಹೊಯ್ದು
ಯಾವ ಮೂಟೆಯಲ್ಲಿ ಮುಗ್ಗಲು, ಯಾವುದರಲ್ಲಿ ಹೊಗೆ ಎಂದು ಹೇಳುವುದು.
ಲಿಫ್ಟು ಸರಿಯಾಗಿ ಗುರುವಾರ ಕೆಲಸಕ್ಕೆ ಹೋದರೆ
ಇಥಿಯೋಪಿಯಾ ರಬ್ಬರು, ಹೊಂಡುರಾಸ್ ರಬ್ಬರು.
ಯಜಮಾನಿ ಓರ್ನೆಲ್ಲಾ ಚಮಚ ಕೆಳಗಿಟ್ಟು
"ಗ್ಯಾರೇಜನ್ನೇ ತಂದೆಯಲ್ಲೇ!" ಎಂದಳು.
ಹೀಗೆ, ಬಿಸಾಡಬೇಕಿದ್ದ ವಾರವೇ
ಹಳೆಯದಕ್ಕೆ ಮತ್ತೆ ನೌಕರಿ ಸಿಕ್ಕಿತು.

ಹೊಸದು ಬಾಲ್ಕನಿಯಲ್ಲಿ, ಬಟ್ಟೆ ಹಗ್ಗದಲ್ಲಿ ಕಟ್ಟಿ.
ಫೆಬ್ರವರಿ. ಬೋರಾ ಎದ್ದಿತ್ತು,
ಗುಡ್ಡದಿಂದಿಳಿದು ತ್ರಿಯೆಸ್ತೆಯ ಹೆಂಚು, ಛತ್ರಿ, ಮುದುಕರ ಟೋಪಿ
ಎಲ್ಲವನ್ನೂ ಕಡಲಿಗೆ ಗುಡಿಸುವ ಗಾಳಿ.
ಗಾಲಿಯ ಒಳಗಿನ ಗಾಳಿ ದುಶಾನ್ ಹಾಕಿದ್ದು, ಪಂಪಿನಲ್ಲಿ, ಮುಳ್ಳು ನೋಡಿ.
ಹೊರಗಿನದಕ್ಕೆ ಲೆಕ್ಕವಿಲ್ಲ.
ಬ್ರೇಕು ಹಾಕಲು ಮರೆತಿದ್ದೆ.
ರಾತ್ರಿಯೆಲ್ಲ ಹಗ್ಗ ಇದ್ದಷ್ಟು ಹಿಂದೆ,
ಹಗ್ಗ ಇದ್ದಷ್ಟು ಮುಂದೆ,
ಯಾರೂ ಕೂರದೆ ಅದು ಓಡಾಡಿತು.
ಬೆಕ್ಕು ಗಾಜಿನಾಚೆ ನೋಡುತ್ತ ಕೂತಿತ್ತು.

ಇಪ್ಪತ್ತನೆಯ ಬೆಳಿಗ್ಗೆ ಟೈರಿಗೆ ಮೂಗು ಹಚ್ಚಿದೆ.
ಉಪ್ಪು. ಕಬ್ಬಿಣ. ಪಕ್ಕದ ಫುಲ್ವಿಯಾಳ ಬಟ್ಟೆ ಸೋಪು.
ರಬ್ಬರು ಇಲ್ಲವೆನ್ನಲಾರೆ, ತಳದಲ್ಲಿದೆ,
ಲೋಟದ ಕೊನೆಯ ಗುಟುಕಿನಷ್ಟು.
ಹಗ್ಗ ಬಿಚ್ಚಿ, ಹತ್ತಿ ಕೂತು,
ದುಶಾನ್‌ಗೆ ಫೋನು ಹಚ್ಚಿದೆ:
ಕೀಲಿ ಹಿಡಿದು ಬಾ ಮಾರಾಯ,
ಆ ಅರ್ಧ ಬೆರಳು ಇಸಿದುಕೊಂಡಿದ್ದೆಯಲ್ಲ,
ವಾಪಸು ಕೊಟ್ಟುಬಿಡು.